ಗಾಜಿನ ಮೇಲಿನ ಹೆಬ್ಬೆಟ್ಟು

ಅವತ್ತು ಬೆಳಗ್ಗೆ ಬಂದ ಚಿತ್ರ ನೋಡಿ ಕ್ಯಾಮೆರಾ ಅಕ್ಕನಿಗೆ ತಲೆ ಕೆಟ್ಟುಹೋಯಿತು. ನಮ್ಮ ಚಂದ್ರನಲ್ಲ, ದೂರದ ಬೇರೊಂದು ಗ್ರಹದ ಚಂದ್ರನ ಮೇಲಿನ ದೊಡ್ಡ ಗುಂಡಿಯ ಚಿತ್ರ ಅದು. ಬಂಡೆ, ಇಳಿಜಾರು, ನೆರಳು ಎಲ್ಲ ಎಂದಿನಂತೆಯೇ ಇದ್ದವು. ಆದರೆ ಕೆಳಗಿನ ಎಡಮೂಲೆಯಲ್ಲಿ ಯಾರೋ ಸುಣ್ಣ ಬಳಿದ ಹಾಗೆ ಒಂದು ಬೆಳ್ಳನೆಯ ಮಚ್ಚೆ. ಅವಳು ಕಣ್ಣುಜ್ಜಿಕೊಂಡು ನೋಡಿದಳು, ಕಂಪ್ಯೂಟರಿನ ಪರದೆ ಒರೆಸಿ ನೋಡಿದಳು. ಮಚ್ಚೆ ಜಪ್ಪಯ್ಯ ಅಂದರೂ ಹೋಗಲಿಲ್ಲ.

ಅಕ್ಕ ಅಂತ ಹೆಸರೇ ಹೊರತು ಅವಳಿಗೆ ತಮ್ಮನೂ ಇಲ್ಲ, ತಂಗಿಯೂ ಇಲ್ಲ. ಅಪ್ಪನಿಗೆ ಒಬ್ಬಳೇ ಮಗಳು. ಬಾಹ್ಯಾಕಾಶ ನೌಕೆಯ ಕ್ಯಾಮೆರಾ ಅವಳ ಉಸ್ತುವಾರಿಯಲ್ಲಿದ್ದುದರಿಂದ ಕಚೇರಿಯಲ್ಲಿ ಎಲ್ಲರೂ ಹಾಗೆ ಕರೆಯುತ್ತಿದ್ದರು. ಆ ಕ್ಯಾಮೆರಾದ ಗಾಜನ್ನು ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ನುಣುಪು ಮಾಡಿದವರು ಅವಳ ಅಪ್ಪ. ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಗಾಜು ಉಜ್ಜುತ್ತಲೇ ಆಯುಷ್ಯ ಕಳೆದು ನಿವೃತ್ತರಾದ ಮನುಷ್ಯ.

ನೌಕೆ ವರ್ಷಗಟ್ಟಲೆ ಹಾರಿ, ಆ ಚಂದ್ರನನ್ನು ಸುತ್ತತೊಡಗಿ, ಕೊನೆಗೂ ಕ್ಯಾಮೆರಾದ ಮುಚ್ಚಳ ತೆರೆದ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಗುಂಡಿಯ ಮೊದಲ ಚಿತ್ರಕ್ಕೆ ಜೋರು ಚಪ್ಪಾಳೆ. ಎರಡನೆಯದಕ್ಕೆ ಚಪ್ಪಾಳೆ ಅರ್ಧಕ್ಕೇ ನಿಂತಿತು. ಎರಡರಲ್ಲೂ ಒಂದೇ ಮೂಲೆಯಲ್ಲಿ ಒಂದೇ ಥರದ ಮಬ್ಬು ಕಲೆ. ಮೂರನೆಯದರಲ್ಲೂ ಅದೇ! ಹಿಂದಿನ ಸಾಲಿನಿಂದ ಯಾರೋ, "ಗಾಜಿನ ಯಜಮಾನ್ರು ಹೆಬ್ಬೆಟ್ಟು ಒತ್ತಿ ಕಳಿಸಿದಾರೆ ಕಣ್ರೀ" ಅಂದುಬಿಟ್ಟರು. ಸಭೆಯೆಲ್ಲ ಗೊಳ್ಳೆಂದಿತು. ಅಪ್ಪ ಎದ್ದು ಹೊರಟವರು ಮತ್ತೆ ಆ ಕಟ್ಟಡದ ಮೆಟ್ಟಿಲು ಹತ್ತಲಿಲ್ಲ. ಒಂದೇ ಒಂದು ಚಿತ್ರವನ್ನೂ ನೋಡಲಿಲ್ಲ.

ಮಗಳಿಗೆ ಅದನ್ನು ನೋಡಿ ಸುಮ್ಮನಿರಲು ಆಗಲಿಲ್ಲ. ಆ ವಾರವೇ ಕೂತು ಅವಳೊಂದು ಪ್ರೋಗ್ರಾಂ ಬರೆದಳು. ಚಿತ್ರ ಬಂದ ಕೂಡಲೇ ಅದು ಎಡಮೂಲೆಯ ಮಬ್ಬಿಗೆ ತಕ್ಕಷ್ಟು ಬೆಳಕು ಸೇರಿಸಿ ಕಲೆಯನ್ನು ಅಳಿಸಿಬಿಡುತ್ತಿತ್ತು. ಆಮೇಲೆ ಜಗತ್ತು ನೋಡಿದ್ದೆಲ್ಲ ತೊಳೆದಿಟ್ಟ ಚಿತ್ರಗಳನ್ನೇ. ಜನ ಕಲೆಯನ್ನು ಮರೆತರು. ಅಪ್ಪ ಮರೆಯಬೇಕಲ್ಲ!

ಈಗ ಈ ಬಿಳಿ ಮಚ್ಚೆ. ಸ್ವಲ್ಪ ಹೊತ್ತಿಗೆ ಅವಳಿಗೆ ಅದರ ಗುಟ್ಟು ಹೊಳೆಯಿತು. ಪ್ರೋಗ್ರಾಂ ದಿನದಂತೆ ಬೆಳಕು ಸೇರಿಸಿದೆ, ಆದರೆ ಅಳಿಸಲು ಅಲ್ಲಿ ಕಲೆಯೇ ಇರಲಿಲ್ಲ. ಅಲ್ಲ, ಗಾಜಿನ ಮೇಲಿನ ಕಲೆ ರಜೆ ಹಾಕಿ ಹೋಗುವುದುಂಟೇ? ಅವಳು ತೊಳೆಯದ ಮೂಲ ಚಿತ್ರಗಳನ್ನು ಒಂದೊಂದಾಗಿ ತೆರೆದಳು. ಗುಂಡಿಯ ಮೇಲೆ ಹೆಚ್ಚು ಕಾಲ ಬಿಸಿಲು ಬಿದ್ದಾಗ ಕಲೆ ತೆಳ್ಳಗಾಗಿತ್ತು. ಕತ್ತಲು ಕಳೆದು ಹೊಸದಾಗಿ ಬೆಳಕು ಬಿದ್ದಾಗ ದಪ್ಪಗೆ ಕೂತಿತ್ತು. ಇದು ಮಂಜು! ನೆಲದ ಬಿರುಕಿನಿಂದ ಏನೋ ಅನಿಲ ಎದ್ದು ಮಂಜಾಗಿ ನಿಲ್ಲುತ್ತಿರಬೇಕು. ಸತ್ತ ಕಲ್ಲು ಎಂದು ಎಲ್ಲರೂ ಕೈಬಿಟ್ಟಿದ್ದ ಆ ಚಂದ್ರನ ಒಡಲು ಇನ್ನೂ ಬೆಚ್ಚಗಿದೆ.

ಆದರೆ ಸಾಕ್ಷಿ ಬೇಕಲ್ಲ? ಗಾಜಿಗೆ ಅಂಟಿದ ಧೂಳೇ ಹೆಚ್ಚುಕಡಿಮೆಯಾಗುತ್ತಿದೆ ಎಂದು ಯಾರಾದರೂ ಅಂದರೆ ಅವಳ ಬಾಯಿ ಕಟ್ಟಿಹೋಗುತ್ತಿತ್ತು. ಮಧ್ಯಾಹ್ನದ ಸಭೆ ಬೇರೆ ತಲೆಯ ಮೇಲೆ ಕೂತಿತ್ತು. ನೌಕೆಗೆ ವಿದ್ಯುತ್ತು ಸಾಲುತ್ತಿರಲಿಲ್ಲ. ಎರಡು ಉಪಕರಣಗಳಲ್ಲಿ ಒಂದನ್ನು ಮುಚ್ಚಬೇಕು, ಮುಚ್ಚುವುದು ಕ್ಯಾಮೆರಾವನ್ನೇ ಎಂದು ಹೆಚ್ಚುಕಡಿಮೆ ತೀರ್ಮಾನವಾಗಿತ್ತು.

ಸಭೆಯಲ್ಲಿ ಅವಳು ಎದ್ದು ನಿಂತು, "ನೌಕೆನ ಒಂದೇ ಒಂದು ಸಲ ತಲೆಕೆಳಗು ಮಾಡಿ ಚಿತ್ರ ತೆಗೀಬೇಕು" ಅಂದಳು.

ಯೋಜನೆಯ ಮುಖ್ಯಸ್ಥರನ್ನು ಎಲ್ಲರೂ ದೊಡ್ಡಪ್ಪ ಅನ್ನುತ್ತಿದ್ದರು. ಅವರು ಕನ್ನಡಕದ ಮೇಲಿಂದ ನೋಡಿದರು. "ಅದೇನು ಹಾಸಿಗೆನೇನಮ್ಮ, ಮಗುಚಿ ಹಾಕೋಕೆ? ಇರೋ ಇಂಧನ ಎಷ್ಟು ಅಂತ ಗೊತ್ತಿದೆ ತಾನೇ?"

"ಗೊತ್ತು ಸರ್. ಈ ನೌಕೆ ಆ ಗುಂಡಿ ಮೇಲೆ ಯಾವಾಗ್ಲೂ ಒಂದೇ ಭಂಗೀಲಿ ಹಾಯುತ್ತೆ, ನಾವು ಚಿತ್ರ ತೆಗೆಯೋದೂ ಆ ಗುಂಡಿದಷ್ಟೇ. ಅದಕ್ಕೇ ಕಲೆ ಗಾಜಿನ ಮೇಲಿದೆಯೋ ನೆಲದ ಮೇಲಿದೆಯೋ ಗೊತ್ತೇ ಆಗಲ್ಲ. ಕ್ಯಾಮೆರಾ ನೆಲ ನೋಡ್ತಿರೋ ಹಾಗೇ ನೌಕೆನ ಅರ್ಧ ಸುತ್ತು ತಿರುಗಿಸಿದ್ರೆ ನೆಲ ಉಲ್ಟಾ ಕಾಣುತ್ತೆ. ಕಲೆ ನೆಲದ್ದಾದ್ರೆ ಅದರ ಜೊತೆ ಮೇಲಿನ ಬಲಮೂಲೆಗೆ ಹೋಗುತ್ತೆ. ಗಾಜಿನದಾದ್ರೆ ಎಡಮೂಲೇಲೇ ಕೂತಿರುತ್ತೆ."

ದೊಡ್ಡಪ್ಪ ನೌಕೆಯನ್ನು ನಡೆಸುವ ಸಾರಥಿಯ ಕಡೆ ನೋಡಿದರು. ಅವನು, ಒಂದು ಸಲಕ್ಕಾದರೆ ಆದೀತು ಎನ್ನುವಂತೆ ತಲೆಯಾಡಿಸಿದ.

"ಆಯ್ತಮ್ಮ. ಆದ್ರೆ ಕಲೆ ಅಲ್ಲೇ ಇದ್ರೆ ಕ್ಯಾಮೆರಾ ಅವತ್ತೇ ಬಂದ್. ಅಂತಿಮ ವರದೀಲಿ ಗಾಜಿನ ದೋಷ ಅಂತಾನೇ ಹಾಕ್ಬೇಕಾಗುತ್ತೆ. ಈ ಪರೀಕ್ಷೆ ಬೇಡ ಅಂದ್ರೆ, ವಿದ್ಯುತ್ ಸಾಲ್ದೆ ಮುಚ್ಚಿದ್ವಿ ಅಂತ ಗೌರವವಾಗಿ ಮುಗಿಸಬಹುದು. ಏನಂತೀಯ?"

"ಮನೇಲಿ ಒಂದು ಮಾತು ಕೇಳಿ ಹೇಳ್ತೀನಿ ಸರ್."

ಕೋಟ್ಯಂತರ ಮೈಲಿ ದೂರದ ನೌಕೆಯನ್ನು ತಿರುಗಿಸಲು ಮನೆಯವರ ಅಪ್ಪಣೆ! ಯಾರೂ ನಗಲಿಲ್ಲ. ಮನೆಯಲ್ಲಿ ಯಾರಿದ್ದಾರೆ ಎಂದು ಎಲ್ಲರಿಗೂ ಗೊತ್ತಿತ್ತು.

ಅವಳು ಬಂದಾಗ ಅಪ್ಪ ಹಳೆಯ ಪೇಪರಿನಿಂದ ಕಿಟಕಿಯ ಗಾಜು ಒರೆಸುತ್ತಿದ್ದರು. ಹೆಬ್ಬೆಟ್ಟಿನ ಆ ದಿನದಿಂದ ಹಿಡಿದ ಗೀಳು ಅದು. ಮನೆಯ ಕನ್ನಡಿ, ಲೋಟ, ಗಡಿಯಾರ, ಅಷ್ಟೇಕೆ, ಪಕ್ಕದ ಮನೆಯವರ ಬಾಗಿಲಿನ ಗಾಜೂ ಫಳಫಳ ಹೊಳೆಯುತ್ತಿತ್ತು. ಅವಳು ಅವರ ಪಕ್ಕ ನಿಂತು ಎಲ್ಲವನ್ನೂ ಹೇಳಿದಳು. ಪ್ರೋಗ್ರಾಂ ಬರೆದು ಕಲೆ ಅಳಿಸುತ್ತಿದ್ದುದನ್ನೂ ಮುಚ್ಚಿಡಲಿಲ್ಲ.

ಅಪ್ಪನ ಕೈ ಗಾಜಿನ ಮೇಲೆಯೇ ನಿಂತಿತು. "ಅಂದ್ರೆ ನಿನಗೂ ಅನ್ನಿಸಿತ್ತಾ, ನಾನೇ ಬೆರಳಿಟ್ಟೆ ಅಂತ?"

ಸುಳ್ಳು ಹೇಳಬಹುದಿತ್ತು. ಹೇಳಲು ನಾಲಿಗೆ ಏಳಲಿಲ್ಲ. "ಹೂಂ ಅಪ್ಪ. ಅನ್ನಿಸಿತ್ತು."

"ನನಗೂ ಅನ್ನಿಸಿದೆ ಕಣಮ್ಮ." ಅವರು ಕಿಟಕಿಯ ಅಂಚಿಗೆ ಒರಗಿಕೊಂಡರು. "ಪೆಟ್ಟಿಗೆಗೆ ಹಾಕೋ ಮುಂಚೆ ಎಷ್ಟು ಸಲ ನೋಡಿದೀನಿ, ನನಗೇ ಗೊತ್ತು. ಒಂದು ಚುಕ್ಕೆ ಇರಲಿಲ್ಲ. ಆದ್ರೂ ಊಟಕ್ಕೆ ಕೂತಾಗೆಲ್ಲ ಈ ಬೆರಳು ನೋಡ್ಕೊಳ್ತೀನಿ. ಹಾಳಾದ್ದು, ಎಲ್ಲಿ ತಗುಲಿಸಿದ್ಯೋ ಅಂತ."

ಇಷ್ಟು ದಿನ ಅವಳು ಕಲೆ ಅಳಿಸಿ ಅಪ್ಪನನ್ನು ಕಾಪಾಡಿದೆ ಅಂದುಕೊಂಡಿದ್ದಳು. ಕಾಪಾಡುವುದಿರಲಿ, ನಂಬಲೂ ಇಲ್ಲವಲ್ಲ!

"ತಿರುಗ್ಸು" ಅಂದರು ಅಪ್ಪ.

"ಕಲೆ ಅಲ್ಲೇ ಇದ್ರೆ? ಹೆಸರು ಹಾಳಾಗುತ್ತೆ ಅಪ್ಪ."

"ಇದ್ರೆ ಇರಲಿ ಬಿಡು. ಗೊತ್ತಾದ್ರೆ ನೆಮ್ಮದಿಯಾಗಿ ಎರಡು ತುತ್ತು ತಿಂತೀನಿ."

ಕತ್ತಲು ಕಳೆದು ಗುಂಡಿಗೆ ಮತ್ತೆ ಬೆಳಕು ಬೀಳುವ ಹೊತ್ತನ್ನೇ ಲೆಕ್ಕಹಾಕಿ ಸಾರಥಿ ಆದೇಶ ಕಳಿಸಿದ. ಅದು ನೌಕೆಯನ್ನು ಮುಟ್ಟಿ, ನೌಕೆ ತಿರುಗಿ, ಚಿತ್ರ ತೆಗೆದು, ಅದು ಇಲ್ಲಿಗೆ ಬರುವಷ್ಟರಲ್ಲಿ ಮಾರನೆಯ ದಿನದ ಬಿಸಿಲು ನೆತ್ತಿಗೇರಿತ್ತು. ಚಿತ್ರ ಬರಲು ಶುರುವಾಗುವ ಹೊತ್ತಿಗೆ ಕೋಣೆಯ ಬಾಗಿಲಲ್ಲಿ ಇಸ್ತ್ರಿ ಮಾಡಿದ ಅಂಗಿ ಕಾಣಿಸಿತು. ಅಪ್ಪ! ಸಾರಥಿ ದಡಬಡ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ. ಅಪ್ಪ ಕೂರಲಿಲ್ಲ.

ಚಿತ್ರ ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ಮೊದಲ ಕೆಲವು ಪಟ್ಟಿಗಳಲ್ಲೇ, ಮೇಲಿನ ಬಲಮೂಲೆಯಲ್ಲಿ, ಮಬ್ಬು. ದಪ್ಪನೆಯ, ಮುದ್ದಾದ ಮಬ್ಬು! ಕೋಣೆಯೇ ಹಾರಿಹೋಗುವ ಹಾಗೆ ಜನ ಕೂಗಿದರು. ದೊಡ್ಡಪ್ಪ ಮೇಜು ಗುದ್ದಿದರು. ಅವಳು ಅಳುತ್ತಲೇ ನಗುತ್ತಾ ತಿರುಗಿ ನೋಡಿದರೆ ಅಪ್ಪನ ಕಣ್ಣು ಆ ಕಡೆ ಇರಲೇ ಇಲ್ಲ. ಇನ್ನೂ ಖಾಲಿಯಿದ್ದ ಕೆಳಗಿನ ಎಡಮೂಲೆಯಲ್ಲೇ ನೆಟ್ಟಿತ್ತು.

"ಸ್ವಲ್ಪ ಸುಮ್ನಿರ್ರಪ್ಪ" ಅಂದರು ಅವರು. "ನನ್ನ ಮೂಲೆ ಇನ್ನೂ ಬಂದಿಲ್ಲ."

ಎಲ್ಲರೂ ಗಪ್‌ಚಿಪ್. ಪಟ್ಟಿಗಳು ಒಂದೊಂದಾಗಿ ಇಳಿದವು. ಕಡೆಗೆ ಆ ಮೂಲೆಯೂ ಬಂತು. ಅಲ್ಲಿ ಕಲೆಯಿಲ್ಲ, ಮಬ್ಬಿಲ್ಲ. ಸಣ್ಣ ಸಣ್ಣ ಕಲ್ಲುಗಳು, ಒಂದೊಂದು ಕಲ್ಲಿಗೂ ಅದರದೇ ಚೂಪು ನೆರಳು. ಅಪ್ಪ ಪರದೆಯ ಹತ್ತಿರ ಹೋಗಿ, ಬೆರಳು ತಾಗಿಸದೆ, ಆ ಕಲ್ಲುಗಳನ್ನೇ ನೋಡುತ್ತಾ ನಿಂತರು.

"ಕ್ಯಾಮೆರಾ ನಡೀಲಿ. ಇನ್ನೊಂದನ್ನ ಮುಚ್ಚೋಣ" ಅಂದರು ದೊಡ್ಡಪ್ಪ.

ಸಾರಥಿ ಕೈ ಹಿಸುಕಿಕೊಳ್ಳುತ್ತಾ ಹತ್ತಿರ ಬಂದ. "ಯಜಮಾನ್ರೇ, ಅವತ್ತು ಹೆಬ್ಬೆಟ್ಟು ಅಂದಿದ್ದು ನಾನೇ. ತಪ್ಪಾಯ್ತು."

"ಗೊತ್ತು ಕಣಯ್ಯ. ಆ ಧ್ವನಿ ಮರೆಯೋಕಾಗುತ್ತಾ?" ಎನ್ನುತ್ತಾ ಅಪ್ಪ ಅವನು ಬಿಟ್ಟುಕೊಟ್ಟಿದ್ದ ಕುರ್ಚಿಯಲ್ಲಿ ಈಗ ಆರಾಮವಾಗಿ ಕೂತರು. ಆಮೇಲೆ ಮಗಳ ಕಡೆ ತಿರುಗಿದರು. "ನೀನು ಒರೆಸಿದ್ಯಲ್ಲ, ಆ ಚಿತ್ರಗಳು ಒರೆಸೋ ಮುಂಚೆ ಇದ್ದ ಹಾಗೆ ಇದಾವಾ?"

"ಒಂದೂ ಹೋಗಿಲ್ಲ ಅಪ್ಪ."

"ತೆಗಿ ಹಾಗಾದ್ರೆ. ಮೊದಲನೇದ್ರಿಂದ ನೋಡೋಣ."

ಅವರು ಅಭ್ಯಾಸಬಲದಿಂದ ಕನ್ನಡಕ ತೆಗೆದು ಅಂಗಿಯ ತುದಿಗೆ ಹಿಡಿದರು. ಮಗಳು ಮೊದಲ ಚಿತ್ರ ತೆರೆಯುತ್ತಿದ್ದಂತೆ, ಒರೆಸದೆಯೇ ಹಾಕಿಕೊಂಡರು.