ಸಿದ್ಧಲಿಂಗನ ಹಗ್ಗ

ಕಾಶೀನಾಥ ಏಣಿಯ ಮೂರನೇ ಮೆಟ್ಟಿಲಿಗೆ ಕಾಲಿಟ್ಟಾಗ ಕೆಳಗಿನಿಂದ ರಾಜೇಶ್ವರಿ ಕೂಗಿದಳು.

“ಕಾಶಣ್ಣ, ಇಳೀರಿ. ಮೊದಲ ಹಗ್ಗ ಕಟ್ಟಿಕೊಳ್ರಿ. ಹಗ್ಗ ಇಲ್ದ ಈ ಮಾಳಿಗಿ ಯಾರೂ ಏರಂಗಿಲ್ಲ.”

ಗಂಡ ಸತ್ತು ಒಂದು ದಿನ ಕಳೆದಿಲ್ಲ, ಆಗಲೇ ಗಂಡನ ಮಾತು ಈಕೆಯ ಬಾಯಲ್ಲಿ. ಎದೆನೋವಿನಿಂದ ಸತ್ತ ಸಿದ್ಧಲಿಂಗ ಪಡಸಾಲೆಯಲ್ಲಿ ಹಣೆತುಂಬ ವಿಭೂತಿ ಧರಿಸಿ ಗೋಡೆಗೆ ಒರಗಿ ಕೂತಿದ್ದ. ಬೀಳದಂತೆ ಎದೆಗೊಂದು ಬಿಳಿ ಬಟ್ಟೆ ಕಟ್ಟಿದ್ದರು. ಮುಖದಲ್ಲಿ ಅದೇ ಹಳೆಯ ಸಮಾಧಾನ. ಕಾಶೀನಾಥನಿಗೆ ಅದೂ ಸಹಿಸಲಾಗಲಿಲ್ಲ.

ದಂಡೋತಿಯ ಹೊಲದಲ್ಲಿ ಕುಣಿ ತೋಡಿ ಆಗಿತ್ತು. ಆದರೆ ಸುಲೇಪೇಟದಲ್ಲಿ ಸೊಂಟ ಮುರಿದು ಮಲಗಿದ್ದ ಸಿದ್ಧಲಿಂಗನ ಅಕ್ಕ ವಿಮಲಾಬಾಯಿ, ತಮ್ಮನ ಮುಖವನ್ನು ಫೋನಿನಲ್ಲಾದರೂ ನೋಡಬೇಕೆಂದು ಹಟ ಹಿಡಿದಿದ್ದಳು. ಸಿದ್ಧಲಿಂಗನ ಓಣಿಯಲ್ಲಿ ಮೊಬೈಲಿನ ಸಿಗ್ನಲ್ಲು ಬರೀ ಮಾತಿಗಷ್ಟೇ ಸಾಲುತ್ತಿತ್ತು. ಆಂಟೆನಾ ಕೂಡಿಸಿ ಊರಿಗೆಲ್ಲ ನೆಟ್ ತಂದವನ ಮನೆಯಲ್ಲೇ ಬೆಳಿಗ್ಗೆಯಿಂದ ನೆಟ್ ಇರಲಿಲ್ಲ. ಮಾಳಿಗೆಯ ಆಂಟೆನಾ ನೋಡಲು ಕಾಶೀನಾಥನನ್ನು ಕರೆಸಿದ್ದರು.

“ಬಿಸಲು ಏರಾಕತ್ತದ,” ಎಂದರು ಮಠದ ರೇವಣಸಿದ್ದಯ್ಯನವರು. “ಇನ್ನ ಅರ್ಧ ತಾಸು ಕಾಯ್ತೀವಿ. ಆಮ್ಯಾಲ ಎತ್ತೂದ.”

“ಸಿದ್ಧಲಿಂಗಣ್ಣ ಇದ್ದಿದ್ರ ಐದ್ ಮಿನಿಟಿನ ಕೆಲಸ,” ಎಂದ ನೆರೆಮನೆಯ ಅಮೀರ್ ಅಲಿ.

ಕಾಶೀನಾಥ ಹಲ್ಲು ಕಚ್ಚಿ ಸಿದ್ಧಲಿಂಗನ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡ. ಒಳಗೊಳಗೇ ಖುಷಿಯೂ ಇತ್ತು. ಇವತ್ತಾದರೂ ಸಿದ್ಧಲಿಂಗನ ಕೆಲಸದಲ್ಲಿ ಒಂದು ತಪ್ಪು ಸಿಗಬೇಕು. ಅದನ್ನು ಇಡೀ ಓಣಿಯ ಮುಂದೆ ಹೇಳಬೇಕು.

*

ಇಬ್ಬರೂ ಒಂದೇ ವರ್ಷ ಆಂಟೆನಾ ಕೂಡಿಸುವ ಕೆಲಸಕ್ಕೆ ಇಳಿದವರು. ಕಾಶೀನಾಥ ಒಂದು ಮನೆ ಮುಗಿಸಿ ಇನ್ನೊಂದಕ್ಕೆ ಓಡುವಷ್ಟರಲ್ಲಿ ಸಿದ್ಧಲಿಂಗ ಇನ್ನೂ ಕರೆಂಟಿನ ತಂತಿ ಎಷ್ಟು ದೂರವಿದೆ ಎಂದು ನೋಡುತ್ತಿದ್ದ. ಹಗ್ಗ ಕಟ್ಟಿಕೊಂಡು ಗಂಟನ್ನು ಎರಡು ಸಲ ಜಗ್ಗುತ್ತಿದ್ದ.

“ಎಮ್ಮಿ ಕಟ್ಟಿದಂಗ ಕಟ್ಟಿಕೊಂಡಿಯಲ್ಲೋ!” ಎಂದು ಕಾಶೀನಾಥ ನಗುತ್ತಿದ್ದ.

“ಎಮ್ಮಿ ಮಾಳಿಗಿ ಮ್ಯಾಲಿಂದ ಬಿದ್ದದ್ದು ನೋಡೀಯೇನು?”

ಬಿದ್ದವನು ಕಾಶೀನಾಥನೇ, ವಾಡಿ ಊರಿನಲ್ಲಿ, ಎರಡನೇ ಮಹಡಿಯಿಂದ. ಎಡಗಾಲು ಗಿಡ್ಡವಾಯಿತು. ಸಿದ್ಧಲಿಂಗ ದವಾಖಾನೆಗೆ ಬಂದ. ಹೊಸ ಹಗ್ಗದ ಸುರುಳಿಯೊಂದನ್ನು ಮಂಚದ ಕೆಳಗಿಟ್ಟು ಹೋದ. ಒಂದು ಚುಚ್ಚುಮಾತಾದರೂ ಆಡಿದ್ದರೆ ಜಗಳ ತೆಗೆಯಬಹುದಿತ್ತು. ಕಾಶೀನಾಥ ಆ ಹಗ್ಗವನ್ನು ಎಮ್ಮೆಗೆ ಕಟ್ಟಿದ. ಗಿರಾಕಿಗಳು ಒಬ್ಬೊಬ್ಬರಾಗಿ ಸಿದ್ಧಲಿಂಗನ ಕಡೆ ಹೋದರು.

*

ಮಾಳಿಗೆಯಲ್ಲಿ ಸಿದ್ಧಲಿಂಗ ಹುಗಿದಿದ್ದ ಕಬ್ಬಿಣದ ಬಳೆಗೆ ಹಗ್ಗದ ತುದಿ ಕಟ್ಟಿ ಕಾಶೀನಾಥ ತಪ್ಪು ಹುಡುಕಿದ. ಆಂಟೆನಾದ ಕಂಬವನ್ನು ಗೋಡೆಗೆ ಎರಡು ಕಡೆ ಬಿಗಿಯಲಾಗಿತ್ತು. ಸಿಡಿಲಿಗೆಂದು ಹಾಕಿದ ಅರ್ಥಿಂಗ್ ತಂತಿ ನೆಟ್ಟಗೆ ನೆಲಕ್ಕಿಳಿದಿತ್ತು. ಮಳೆನೀರು ಒಳಗೆ ಹೋಗದಂತೆ ಕೇಬಲ್ಲನ್ನು ಕೆಳಕ್ಕೆ ಬಾಗಿಸಿ ತಂದಿದ್ದ. ಹಾಳಾದವನು, ಒಂದನ್ನೂ ಬಿಟ್ಟಿರಲಿಲ್ಲ.

ಆಮೇಲೆ ಕಂಡಿತು. ಬೆಳಿಗ್ಗೆ ಜನರ ನೆರಳಿಗೆಂದು ಶಾಮಿಯಾನ ಹಾಕಿದವರು ಅದರ ಒಂದು ಹಗ್ಗವನ್ನು ಆಂಟೆನಾಕ್ಕೇ ಕಟ್ಟಿದ್ದರು. ಗಾಳಿಗೆ ಶಾಮಿಯಾನ ಜಗ್ಗಿ ಜಗ್ಗಿ, ಚಿತ್ತಾಪುರದ ಟವರಿನ ಕಡೆ ಇರಬೇಕಾದ ಆಂಟೆನಾ ಕಾಗಿಣಾ ಹೊಳೆಯ ಕಡೆ ತಿರುಗಿತ್ತು. ತಪ್ಪೇನೋ ಸಿಕ್ಕಿತು, ಆದರೆ ಸಿದ್ಧಲಿಂಗನದಲ್ಲ.

ಕಂಬದ ಮೇಲೊಂದು, ಆಂಟೆನಾದ ಮೇಲೊಂದು ಕೆಂಪು ಗೆರೆ ಇತ್ತು. ಮುಂದೆ ಬರುವವನು ದಿಕ್ಕು ಹುಡುಕಿ ಒದ್ದಾಡಬಾರದೆಂದು ಎಳೆದದ್ದು. ಕಾಶೀನಾಥ ಶಾಮಿಯಾನದ ಹಗ್ಗ ಬಿಚ್ಚಿ, ಗೆರೆಗೆ ಗೆರೆ ಕೂಡಿಸಿ ಬಿಗಿದು, ಹಿಂದಕ್ಕೆ ಹೆಜ್ಜೆಯಿಟ್ಟ. ಗಿಡ್ಡಕಾಲು ಮಾಳಿಗೆಯ ಅಂಚಿನಲ್ಲಿ ಜಾರಿತು.

ಹಗ್ಗ ಸೊಂಟಕ್ಕೆ ಕಚ್ಚಿ ಹಿಡಿಯಿತು. ಅವನು ಮಂಡಿಯೂರಿ ಏದುಸಿರು ಬಿಟ್ಟ. ಯಾರೂ ನೋಡಿರಲಿಲ್ಲ.

“ಬಂತ್ರೀ, ಬಂತು!” ಕೆಳಗೆ ಅಮೀರ್ ಅಲಿ ಕೂಗಿದ. “ಸಿದ್ಧಲಿಂಗಣ್ಣನ ಕೈ ಅಂದ್ರ ಕೈ ನೋಡ್ರಿ!”

ಮಾಳಿಗೆಯ ಮೇಲಿದ್ದವನ ಹೆಸರನ್ನು ಯಾರೂ ಎತ್ತಲಿಲ್ಲ. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು ಎಂದು ಕಾಶೀನಾಥನಿಗೆ ಗೊತ್ತಿತ್ತು. ಆದರೂ ಹೊಟ್ಟೆ ಉರಿಯಿತು.

ಬಳೆಯಿಂದ ಹಗ್ಗದ ತುದಿ ಬಿಚ್ಚಿಕೊಂಡು ಅವನು ಇಳಿದು ಬರುವಾಗ ಫೋನಿನಲ್ಲಿ ವಿಮಲಾಬಾಯಿಯ ಮುಖ ಸ್ವಚ್ಛವಾಗಿ ಮೂಡಿತ್ತು.

“ತಮ್ಮಾ, ಕಾಣಾಕತ್ತೀಯಪ್ಪ…” ಅವಳು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಹತ್ತಿರದಿಂದ ನೋಡಿದಳು. “ಯವ್ವಾ, ಒಂದ್ ಕಡಿ ವಾಲ್ಯಾನಲ್ಲ! ಯಾರರೆ ನೆಟ್ಟಗ ಕುಂದ್ರಸ್ರಿ.”

ಎದೆಗೆ ಕಟ್ಟಿದ ಬಟ್ಟೆ ಸಡಿಲಾಗಿತ್ತು. ಎಲ್ಲರಿಗಿಂತ ಮೊದಲು ಕಾಶೀನಾಥ ಮುಂದೆ ಬಂದ. ತನ್ನ ಸೊಂಟದ ಹಗ್ಗ ಬಿಚ್ಚಿ, ಸಿದ್ಧಲಿಂಗನನ್ನು ನೆಟ್ಟಗೆ ಕೂಡಿಸಿ, ಎದೆಯ ಸುತ್ತ ತಂದು ಗೋಡೆಯ ಗೂಟಕ್ಕೆ ಕಟ್ಟಿದ.

“ಸಾಕು ಕಾಶಣ್ಣ,” ಎಂದಳು ರಾಜೇಶ್ವರಿ. “ಇನ್ನ ಬೀಳಂಗಿಲ್ಲ.”

ಕಾಶೀನಾಥ ಗಂಟನ್ನು ಎರಡು ಸಲ ಜಗ್ಗಿ ನೋಡಿದ.