ಕತ್ತಿನ ಚಿತ್ರ

ಡಾಕ್ಟರು ಸ್ಕ್ಯಾನಿನ ಪರದೆಯ ಹತ್ತಿರ ಕೂಡ ಬರಲಿಲ್ಲ. ಫೋನ್ ಹಿಡಿದುಕೊಂಡು ಬಾಗಿಲಲ್ಲೇ ನಿಂತು, ಹೊಟ್ಟೆಯ ಅಂಚಿನಲ್ಲಿ ಹೊಳೆಯುತ್ತಿದ್ದ ಚುಕ್ಕೆಯನ್ನು ನೋಡಿ, ಅದೇನೂ ಅಲ್ಲ, ಕಣದಿಂದ ಕಳಚಿಕೊಂಡ ಔಷಧಿ ಅಂದುಬಿಟ್ಟರು. ನನಗೆ ಮೈಯೆಲ್ಲಾ ಉರಿದುಹೋಯಿತು. ಹದಿನಾಲ್ಕು ವರ್ಷದಿಂದ ಈ ಕೋಣೆಯಲ್ಲಿ ಸ್ಕ್ಯಾನ್ ತೆಗೆಯುತ್ತಿದ್ದೇನೆ. ಏನು ಕಂಡರೆ ಏನರ್ಥ ಎಂದು ಅಷ್ಟಿಷ್ಟು ನನಗೂ ಗೊತ್ತು.

ಮಲಗಿದ್ದವರು ಬೀಗ ರಿಪೇರಿ ಮಾಡುವ ಯಜಮಾನರು. ಅವರ ಲಿವರಿನಲ್ಲಿ ಮೂರು ಗಡ್ಡೆ. ಮುಂದಿನ ವಾರ ಲಿವರಿಗೆ ಹೋಗುವ ರಕ್ತನಾಳದೊಳಗೆ ಸಣ್ಣ ನಳಿಕೆ ತೂರಿಸಿ, ವಿಕಿರಣ ತುಂಬಿದ ಮಣಿಗಳನ್ನು ಗಡ್ಡೆಗೇ ಬಿಡಬೇಕಿತ್ತು. ಮಣಿಗಳಿಗೆ ಲಿವರೂ ಗೊತ್ತಿಲ್ಲ, ಹೊಟ್ಟೆಯೂ ಗೊತ್ತಿಲ್ಲ. ರಕ್ತ ಹರಿದ ಕಡೆ ಹೋಗುತ್ತವೆ. ಅದಕ್ಕೇ ಇವತ್ತು ತಾಲೀಮು. ಹೊಟ್ಟೆಯ ಕಡೆ ತಿರುಗುವ ಕವಲುಗಳನ್ನು ಲೋಹದ ಸಣ್ಣ ಸುರುಳಿಗಳಿಂದ ಮುಚ್ಚಿ, ಸ್ಕ್ಯಾನಿನಲ್ಲಿ ಹೊಳೆಯುವ ಔಷಧಿ ಅಂಟಿಸಿದ ಪರೀಕ್ಷೆಯ ಕಣಗಳನ್ನು ಬಿಡುತ್ತಾರೆ. ಅವು ಎಲ್ಲಿ ಹೋಗಿ ಕೂತವು ಎಂದು ನಾನು ಚಿತ್ರ ತೆಗೆಯುತ್ತೇನೆ. ಡಾಕ್ಟರು ಒಂದೇ ಕವಲು ಮುಚ್ಚಿ ಸಾಕು ಅಂದಿದ್ದರು. ಅವರಿಗೆ ಸಮ್ಮೇಳನದ ಆತುರ. ಹೊರಡುವ ಮುಂಚೆ ಮುಗಿಸಿಬಿಡಬೇಕೆಂದು, ತಾಲೀಮಿಗೂ ಮೊದಲೇ ಮಣಿಗಳನ್ನು ಕಳಿಸಿ ಎಂದು ಬರೆದು ಹಾಕಿದ್ದರು. ದಿನದಿನಕ್ಕೆ ಶಕ್ತಿ ಕಳೆದುಕೊಳ್ಳುವ ಸಾಮಾನು ಅದು, ತರಿಸಿ ಇಟ್ಟುಕೊಳ್ಳುವ ಹಾಗಿಲ್ಲ.

ಔಷಧಿ ಕಳಚಿಕೊಳ್ಳುವುದುಂಟು, ಸುಳ್ಳಲ್ಲ. ಆದರೆ ಕಳಚಿಕೊಂಡದ್ದು ರಕ್ತದಲ್ಲಿ ಬೆರೆತು ಕತ್ತಿನ ಥೈರಾಯ್ಡಿನಲ್ಲೂ ಹೊಳೆಯಬೇಕು. ಕತ್ತನ್ನು ಯಾರು ನೋಡಿದ್ದರು? ತೆಗೆಯಿರಿ ಎಂದು ಚೀಟಿಯಲ್ಲೂ ಇರಲಿಲ್ಲ.

ಡಾಕ್ಟರು ಅತ್ತ ಹೋಗುತ್ತಲೇ ಮೇಜು ಸರಿಸಿದೆ. ಇನ್ನೈದು ನಿಮಿಷ ಅಲ್ಲಾಡಬೇಡಿ ಅಂದೆ. ಯಜಮಾನರು ತಮಾಷೆಯ ಮನುಷ್ಯ, ಏನಮ್ಮಾ, ಕೀಲಿಕೈ ಸಿಗಲಿಲ್ವಾ ಎಂದು ಕೇಳಿದರು. ನನಗೆ ನಗು ಬರಲಿಲ್ಲ. ಪರದೆಯಲ್ಲಿ ಕತ್ತು ಕಪ್ಪಗಿತ್ತು, ಸಾಸಿವೆಯಷ್ಟೂ ಬೆಳಕಿಲ್ಲ. ಅಂದರೆ ಕಣಗಳೇ ಹೊಟ್ಟೆಗೆ ಹೋಗಿದ್ದವು. ಎಲ್ಲೋ ಒಂದು ಕವಲು ತೆರೆದೇ ಇತ್ತು.

ಚಿತ್ರ ಹಿಡಿದುಕೊಂಡು ಡಾಕ್ಟರ ಕೋಣೆಗೆ ಹೋದೆ. ಕತ್ತು ತೆಗೆಯೋಕೆ ಯಾರು ಹೇಳಿದರು ಎಂಬುದೇ ಅವರ ಮೊದಲ ಪ್ರಶ್ನೆ. ಯಾರೂ ಹೇಳಲಿಲ್ಲ ಅಂದೆ. ಹೊಟ್ಟೆಗೆ ಹೋಗೋದು ತೀರಾ ಸ್ವಲ್ಪ, ಮಣಿ ಬೇರೆ ಹೊರಟಾಗಿದೆ, ಈ ಚಿತ್ರವನ್ನು ಫೈಲಿನಿಂದ ತೆಗೆದುಬಿಡಿ ಎಂದು ಅವರು ಮೆತ್ತಗೆ ಹೇಳಿದರು. ಆ ಮೆತ್ತನೆಯ ದನಿಗೇ ನನ್ನ ಪಿತ್ತ ನೆತ್ತಿಗೇರಿತು.

"ತೆಗೆಯಲ್ಲ ಸರ್. ಸಹಿ ಹಾಕಿದೀನಿ. ರಿಪೋರ್ಟ್ ಜೊತೆ ಇದೂ ಹೋಗುತ್ತೆ."

ಅವರು ಫೋನ್ ಎತ್ತಿ ಮಣಿ ಬೇಡವೆಂದರು. ಇನ್ನೊಂದು ತಾಲೀಮು, ಎರಡು ವಾರ ಬಿಟ್ಟು. ಸದ್ಯ, ಮನುಷ್ಯ ದಾರಿಗೆ ಬಂದನಲ್ಲ ಎಂದುಕೊಂಡು ಕೆಲಸಕ್ಕೆ ಮರಳಿದೆ. ನನ್ನ ಪೆದ್ದುತನ.

ಅರ್ಧ ಗಂಟೆಯಲ್ಲಿ ಯಜಮಾನರ ಹೆಂಡತಿ ನನ್ನ ಬಾಗಿಲಿಗೆ ಬಂದರು. ಸ್ಕ್ಯಾನ್ ತೆಗೆಯುವವರು ಎಡವಟ್ಟು ಮಾಡಿದ್ದಾರೆ, ಅದಕ್ಕೇ ಎಲ್ಲ ಮತ್ತೆ ಮೊದಲಿನಿಂದ ಎಂದು ಡಾಕ್ಟರು ಅವರಿಗೆ ಹೇಳಿದ್ದರಂತೆ.

"ನಮ್ಮನೆಯವರು ಎಷ್ಟು ಧೈರ್ಯ ಮಾಡ್ಕೊಂಡು ಬಂದಿದ್ರು ಗೊತ್ತಾ? ಒಂದು ಫೋಟೋ ಸರಿಯಾಗಿ ತೆಗೆಯೋಕಾಗಲ್ವಾ ನಿಮಗೆ?"

ನನಗೆ ಕೋಪ ಬಂದಿತ್ತು, ಆದರೆ ಅದು ಅವರ ಮೇಲಿನ ಕೋಪವಲ್ಲ. ಒಳಗೆ ಕರೆದು ಕುರ್ಚಿ ಎಳೆದುಕೊಟ್ಟೆ. ಎರಡೂ ಚಿತ್ರ ಪಕ್ಕಪಕ್ಕ ಇಟ್ಟು, ಯಾವುದು ಲಿವರು, ಯಾವುದು ಹೊಟ್ಟೆ, ಕತ್ತು ಯಾಕೆ ಕಪ್ಪಗಿದೆ ಎಂದು ಒಂದೊಂದಾಗಿ ತೋರಿಸಿದೆ. ಅವರು ಚುಕ್ಕೆಯ ಮೇಲೆ ಬೆರಳಿಟ್ಟರು.

"ಇದನ್ನ ನೋಡದೇನೇ ಮಣಿ ಬಿಟ್ಟಿದ್ರೆ?"

"ಹೊಟ್ಟೆ ಒಳಗೆ ಸುಟ್ಟು ಹುಣ್ಣಾಗಿರೋದು. ವಾಸಿಯಾಗದಂಥ ಹುಣ್ಣು."

"ಡಾಕ್ಟರಿಗೆ ಇದು ಗೊತ್ತಿತ್ತಾ?"

ಗೊತ್ತಿತ್ತು ಅಂದೆ.

ಅವರು ಎದ್ದರು. ಕತ್ತಿನ ಚಿತ್ರವನ್ನು ಮೇಜಿನಿಂದ ತಾವೇ ಎತ್ತಿಕೊಂಡರು. ನಾನು ಬೇಡ ಅನ್ನಲಿಲ್ಲ. ಕಾರಿಡಾರಿನ ಕೊನೆಯಲ್ಲಿ ಡಾಕ್ಟರ ಬಾಗಿಲು ಮುಚ್ಚಿತ್ತು. ಆಕೆ ತಟ್ಟಲಿಲ್ಲ, ತಳ್ಳಿಕೊಂಡೇ ಒಳಗೆ ಹೋದರು.