ಮೂಗಕ್ಕ ಮೂಸಿದ ಪ್ಲೇಟು

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಮೂಗಕ್ಕ ಎಂದೇ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ರೋಗಿಗಳ ರಕ್ತ, ಕಫ, ಕೀವಿನಲ್ಲಿ ಯಾವ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದು ಪತ್ತೆ ಹಚ್ಚುವುದು ಅಲ್ಲಿನ ಕೆಲಸ. ಮುಚ್ಚಳವಿರುವ ಪುಟ್ಟ ಪ್ಲೇಟಿನಲ್ಲಿ ಅವುಗಳಿಗೆ ಬೇಕಾದ ಆಹಾರ ಹೆಪ್ಪುಗಟ್ಟಿಸಿ, ಮೇಲೆ ರೋಗಿಯ ರಕ್ತ ಸವರಿ, ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟರೆ ಅವು ಚುಕ್ಕೆ ಚುಕ್ಕೆಯಾಗಿ ಮೊಳೆಯುತ್ತವೆ. ಉಳಿದವರು ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ನೆಟ್ಟು ಒದ್ದಾಡುತ್ತಿರುವಾಗ ಇವಳು ಮುಚ್ಚಳ ಎತ್ತಿ ಒಮ್ಮೆ ಮೂಸಿ, “ದ್ರಾಕ್ಷಿ ವಾಸನೆ. ಸುಟ್ಟಗಾಯದ ವಾರ್ಡಿನ ಹಳೇ ಗಿರಾಕಿ ಇವನು” ಎಂದುಬಿಡುತ್ತಿದ್ದಳು. ಬಹಳಷ್ಟು ಸಲ ಅದು ಸರಿಯೇ ಆಗಿರುತ್ತಿತ್ತು. ತಪ್ಪಿದ ಸಲಗಳ ಮಾತನ್ನು ಅವಳು ಎತ್ತುತ್ತಿರಲಿಲ್ಲ.

‘ಪ್ಲೇಟುಗಳನ್ನು ಮೂಸಬಾರದು’ ಎಂಬ ಬೋರ್ಡು ಅವಳ ಮೇಜಿನ ಎದುರಿಗೇ ಇತ್ತು. ಅದರ ಮೊಳೆಗೆ ಅವಳು ತನ್ನ ಕೋಟು ನೇತುಹಾಕುತ್ತಿದ್ದಳು.

ಆ ದಿನ ಕೈಗೆ ಬಂದದ್ದು ಒಬ್ಬ ತೋಟದ ಮಾಲಿಯ ಪ್ಲೇಟು. ಉದ್ಯಾನದ ಕುಂಡಗಳಿಗೆ ಮಣ್ಣು ತುಂಬುತ್ತಿದ್ದವನು, ಜ್ವರ ಇಳಿಯದೆ ವಾರ್ಡಿನಲ್ಲಿ ಮಲಗಿದ್ದ. ಮೂಗಕ್ಕ ಮುಚ್ಚಳ ಎತ್ತಿದಳು. ಒದ್ದೆ ಮಣ್ಣಿನ ವಾಸನೆ! ರಕ್ತ ಕೀವುಗಳ ನಡುವೆಯೇ ಆಯುಸ್ಸು ಸವೆಸಿದವಳಿಗೆ ಇದೊಂದು ಹಬ್ಬ. ಇನ್ನೊಮ್ಮೆ, ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡಳು. ಎಲೆ ಕೊಳೆಸಿ ಗೊಬ್ಬರ ಮಾಡುವ ಮಣ್ಣಿನ ಪಾಪದ ಜೀವಿ, ರಕ್ತ ತೆಗೆಯುವಾಗ ಮಾಲಿಯ ಚರ್ಮದಿಂದ ಜಾರಿ ಬಿದ್ದಿರಬೇಕು ಎಂದು ತೀರ್ಮಾನಿಸಿಬಿಟ್ಟಳು.

ಸುಖವನ್ನು ಒಬ್ಬಳೇ ಉಣ್ಣುವ ಜಾಯಮಾನ ಅವಳದಲ್ಲ. ಪಕ್ಕದ ಕೋಣೆಯಲ್ಲಿ ಪ್ಲೇಟುಗಳಿಗೆ ಆಹಾರ ಕಾಯಿಸುತ್ತಿದ್ದ ಅಕ್ಕನ ಮಗಳನ್ನು ಕೂಗಿದಳು. ತಾಯಿ ತೀರಿಕೊಂಡ ಮೇಲೆ ತಾನೇ ಸಾಕಿ, ಮದುವೆ ಮಾಡಿ, ಈ ಕೆಲಸಕ್ಕೂ ಸೇರಿಸಿದ ಹುಡುಗಿ.

“ಬಾರೇ, ಇದನ್ನ ಮೂಸು. ಹೊರಗೆ ಮಳೆ ಬಂತೇನೋ ಅನ್ಸುತ್ತೆ.”

ಹುಡುಗಿ ಬಗ್ಗಿದಳು. ಪ್ಲೇಟಿನ ಅಂಚಿಗೆ ಮೂಗು ತಾಗುವಷ್ಟು ಬಗ್ಗಿದಳು. “ಹೌದು ಚಿಕ್ಕಮ್ಮ, ಚೆನ್ನಾಗಿದೆ” ಎಂದು ನಕ್ಕು ಓಡಿದಳು.

ಮರುದಿನ ಆ ಚುಕ್ಕೆಗಳ ಮೈ ಒಣಗಿ ಸುಕ್ಕುಗಟ್ಟಿತ್ತು. ಯಾವ ಔಷಧಿಗೆ ಸಾಯುತ್ತವೆ ಎಂದು ನೋಡಲು ಇಟ್ಟಿದ್ದ, ಔಷಧಿ ಅದ್ದಿದ ಬಿಲ್ಲೆಗಳಲ್ಲಿ ಕೆಲವನ್ನು ಅವು ಲೆಕ್ಕಕ್ಕೇ ಇಟ್ಟಿರಲಿಲ್ಲ. ಬಿಲ್ಲೆಯ ಬುಡದವರೆಗೂ ಬೆಳೆದಿದ್ದವು. ಪ್ರಯೋಗಾಲಯದ ಡಾಕ್ಟರಮ್ಮ ನೋಡಿದವರೇ ಪ್ಲೇಟನ್ನು ಗಾಜಿನ ಪೆಟ್ಟಿಗೆಯೊಳಗೆ ತಳ್ಳಿದರು.

“ಇದು ಮಣ್ಣಿನ ಜ್ವರ. ಮಣ್ಣಲ್ಲಿ ತಣ್ಣಗೆ ಬಿದ್ದಿರುತ್ತೆ, ಉಸಿರಲ್ಲಿ ಒಳಗೆ ಹೋದ್ರೆ ಶ್ವಾಸಕೋಶ ಹಿಡಿಯುತ್ತೆ. ಸಕ್ಕರೆ ಕಾಯಿಲೆ ಇರೋರಿಗಂತೂ ಯಮ. ಆ ಮಾಲಿಗೂ ಸಕ್ಕರೆ ಇದೆ. ಔಷಧಿ ಬದಲಾಯಿಸಿ ಅಂತ ವಾರ್ಡಿಗೆ ಈಗ್ಲೇ ಹೇಳ್ತೀನಿ.” ಫೋನು ಎತ್ತಿಕೊಂಡವರು ಅಲ್ಲೇ ತಡೆದರು. “ಯಾರಾದ್ರೂ ಮುಚ್ಚಳ ತೆಗೆದು ಮೂಸಿದ್ರಾ?”

ಮೂಗಕ್ಕ ಮುಂದೆ ಬಂದಳು. “ನಾನು ಮೂಸಿದೆ” ಎಂದಳು.

“ಬೇರೆ ಯಾರು?”

“ಯಾರೂ ಇಲ್ಲ.”

ಹುಡುಗಿಯ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅವಳ ಹೆಸರು ಬಾಯಿಂದ ಹೊರಡಲಿಲ್ಲ. ಡಾಕ್ಟರಮ್ಮ ಬೈದರು, ಮುನ್ನೆಚ್ಚರಿಕೆಯ ಸಲ್ಫಾ ಮಾತ್ರೆ ತರಿಸಿ ಕೈಗಿಟ್ಟರು, ಇವತ್ತೇ ಶುರುಮಾಡಿ, ಮೈ ಬಿಸಿಯಾದರೆ ಓಡಿ ಬನ್ನಿ ಎಂದರು. ಮೂಗಕ್ಕ ಒಂದನ್ನೂ ನುಂಗಲಿಲ್ಲ. ಮೊದಲು ಹುಡುಗಿ ತಗೊಳ್ಳಲಿ, ಆಮೇಲೆ ನನ್ನದು ಎಂದು ಚೀಲಕ್ಕೆ ಹಾಕಿಕೊಂಡಳು. ಹುಡುಗಿ ಅಂದು ಕೆಲಸಕ್ಕೆ ಬಂದಿರಲಿಲ್ಲ. ಹುಷಾರಿಲ್ಲವಂತೆ ಎಂದು ಬಾಗಿಲಿನ ಕಾವಲುಗಾರ ಹೇಳಿದ.

ಬಸ್ಸಿಗೆ ಕಾಯುವ ತಾಳ್ಮೆ ಇಲ್ಲದೆ ಮೂಗಕ್ಕ ಹುಡುಗಿಯ ಮನೆಗೆ ನಡೆದೇ ಹೊರಟಳು. ರಸ್ತೆ ಬದಿಯಲ್ಲಿ ಪೈಪು ಹಾಕಲು ಅಗೆದು ಮಣ್ಣು ಗುಡ್ಡೆ ಹಾಕಿದ್ದರು. ನೀರು ಚಿಮುಕಿಸಿದ ಆ ಮಣ್ಣಿನಿಂದ ಅದೇ ವಾಸನೆ ಬರುತ್ತಿತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಆಚೆ ಬದಿಗೆ ದಾಟಿದಳು. ಇಷ್ಟು ವರ್ಷ ಮೆರೆಸಿದ ಆ ಮೂಗನ್ನು ಕಿತ್ತು ಚರಂಡಿಗೆ ಎಸೆಯಬೇಕು ಅನ್ನಿಸಿತು.

ಬಾಗಿಲು ತೆರೆದ ಹುಡುಗಿಯ ಮುಖ ಬಿಳಿಚಿಕೊಂಡಿತ್ತು. “ಬೆಳಿಗ್ಗೆಯಿಂದ ವಾಂತಿ ಚಿಕ್ಕಮ್ಮ” ಎಂದಳು. ಮೂಗಕ್ಕನ ಕೈ ಚೀಲಕ್ಕೆ ಹೋಯಿತು.

“ಮಾತ್ರೆ ತಂದಿದೀನಿ, ಮೊದ್ಲು ನುಂಗು. ಕೇಳ್ಬೇಡ.”

“ಯಾವ್ದೂ ನುಂಗೋ ಹಾಗಿಲ್ಲ.” ಹುಡುಗಿ ತಲೆ ತಗ್ಗಿಸಿದಳು. “ಎರಡು ಸಲ ಬಸುರು ನಿಲ್ಲದೆ ಹೋಯ್ತಲ್ಲ, ಅದಕ್ಕೇ ಈ ಸಲ ಯಾರಿಗೂ ಹೇಳಿರ್ಲಿಲ್ಲ. ನಿನಗೂನು.”

ಎಷ್ಟೊಂದು ದಿನದಿಂದ ಕಾದಿದ್ದ ಸುದ್ದಿ! ಕೇಳಿದ್ದೇ ಮೂಗಕ್ಕ ಅಳತೊಡಗಿದಳು. ಆ ಅಳು ಸಂತೋಷದ್ದಲ್ಲ ಎಂದು ಹುಡುಗಿಗೆ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಅವಳನ್ನು ಕೂರಿಸಿ, ಸಕ್ಕರೆ ಹಾಕದ ಟೀ ಮಾಡಿ ತಂದುಕೊಟ್ಟಳು. ಹಲವು ವರ್ಷಗಳಿಂದ ಚಿಕ್ಕಮ್ಮನಿಗೆ ಹಾಗೇ ಅಭ್ಯಾಸ. ಮೂಗಕ್ಕ ಲೋಟ ಹಿಡಿದು ಕುಡಿಯದೆ ಕೂತಳು, ಎಲ್ಲವನ್ನೂ ಹೇಳಿದಳು: ಮಾಲಿ, ಸುಕ್ಕುಗಟ್ಟಿದ ಚುಕ್ಕೆ, ಉಸಿರಿನಲ್ಲಿ ಒಳಹೋಗುವ ಜ್ವರ. “ನನ್ನ ಕೈಯಾರೆ ನಿನಗೆ ವಿಷ ಕೊಟ್ಟೆನಲ್ಲೇ. ನಿನ್ನ ಅಮ್ಮನಿಗೆ ಏನಂತ ಮುಖ ತೋರಿಸ್ಲಿ?”

ಹುಡುಗಿ ಅವಳ ಕಣ್ಣು ಒರೆಸಿದಳು. ಆಮೇಲೆ ತಪ್ಪು ಮಾಡಿದವಳಂತೆ ಸಣ್ಣ ದನಿಯಲ್ಲಿ ಹೇಳಿದಳು.

“ನಾನು ಮೂಸ್ಲೇ ಇಲ್ಲ ಚಿಕ್ಕಮ್ಮ.”

“ಏನು?”

“ಯಾವ ವಾಸನೆ ಬಂದ್ರೂ ಹೊಟ್ಟೆ ತೊಳಸುತ್ತೆ ಈಗ. ಪ್ಲೇಟು ಅಂದ್ರೇ ಓಡಿಹೋಗೋ ಹಾಗಾಗುತ್ತೆ. ನೀನು ಅಷ್ಟು ಖುಷೀಲಿ ಕರೆದ್ಯಲ್ಲ, ಬೇಜಾರಾಗುತ್ತೆ ಅಂತ ಉಸಿರು ಬಿಗಿ ಹಿಡಿದು ಸುಮ್ನೆ ಬಗ್ಗಿದೆ. ಕಾರಿಡಾರಿನ ಕೊನೆಗೆ ಹೋದ ಮೇಲೇ ಉಸಿರು ಎಳ್ಕೊಂಡೆ.”

“ನನ್ನಾಣೆ?”

“ಅಮ್ಮನಾಣೆ.”

ಮೂಗಕ್ಕ ಅದನ್ನೇ ಇನ್ನೆರಡು ಸಲ ಹೇಳಿಸಿದಳು. ಏನೇ ಆಗಲಿ, ಬೆಳಿಗ್ಗೆ ಬಂದು ಡಾಕ್ಟರಮ್ಮನ ಮುಂದೆ ನಿಂತು ಎಲ್ಲಾ ಹೇಳಬೇಕು, ಕೆಲಸ ಹೋದರೆ ಹೋಗಲಿ ಎಂದು ಮಾತು ತೆಗೆದುಕೊಂಡಳು. ಆಮೇಲೆ ನಗು ಉಕ್ಕಿ ಬಂತು. ಸುಳ್ಳುಬುರುಕಿ, ನನ್ನನ್ನೇ ಏಮಾರಿಸಿದೆಯಾ ಎಂದು ಬೈಯುತ್ತ ಹುಡುಗಿಯ ಕೆನ್ನೆ ಹಿಂಡಿದಳು. ಎದೆ ಮೇಲಿನ ಬಂಡೆ ಇಳಿದಿತ್ತು. ಇಳಿದ ಮೇಲೆ ಮಾತ್ರ, ಇಡೀ ದಿನದಲ್ಲಿ ಮೊದಲ ಬಾರಿಗೆ, ಕಣ್ಣು ಮುಚ್ಚಿ ಎದೆ ತುಂಬ ಎಳೆದುಕೊಂಡ ಆ ಎರಡನೆಯ ಉಸಿರು ಅವಳಿಗೆ ನೆನಪಾಯಿತು.

ಹುಡುಗಿಯೂ ನಗು ನಿಲ್ಲಿಸಿದ್ದಳು. ಕೆನ್ನೆಯ ಮೇಲಿದ್ದ ಕೈಯನ್ನು ಹಿಡಿದುಕೊಂಡು ಕೇಳಿದಳು.

“ಚಿಕ್ಕಮ್ಮ, ನಿನ್ನ ಕೈ ಯಾಕೆ ಇಷ್ಟು ಬಿಸಿ?”

“ಟೀ ಲೋಟ ಹಿಡ್ಕೊಂಡಿದ್ನಲ್ಲೇ” ಎಂದಳು ಮೂಗಕ್ಕ.

ಲೋಟದಲ್ಲಿದ್ದ ಟೀ ತಣ್ಣಗಾಗಿ, ಮೇಲೆ ಕೆನೆ ಕಟ್ಟಿತ್ತು.